ನಳಕ್ಕೆ ಕಟ್ಟಿದ ಪೀಪಿ

ನಡುರಾತ್ರಿ ನಳದ ಬಾಯಿಂದ ‘ಸುಂಯ್’ ಎಂದು ಗಾಳಿ ಹೊರಟಿತು. ನೀರಿಗಿಂತ ಮೊದಲು ಬರುವ ಆ ಸಣ್ಣ ಸದ್ದಿಗಾಗಿ ಓಣಿಯ ಹೆಂಗಸರು ನಿದ್ದೆಯಲ್ಲೂ ಕಿವಿ ತೆರೆದಿಟ್ಟುಕೊಂಡೇ ಮಲಗುತ್ತಿದ್ದರು. ಪುರಸಭೆಯ ಗುಮಾಸ್ತ ಭೀಮೇಶನೂ ಎದ್ದು ಕೊಡ ಹಿಡಿದ. ಆಗಲೇ ಅವನಿಗೆ ಹೊಳೆದದ್ದು: ಈ ಗಾಳಿಯ ಬಾಯಿಗೊಂದು ಪೀಪಿ ಕಟ್ಟಿದರೆ? ಓಣಿಯೆಲ್ಲ ನಿಶ್ಚಿಂತೆಯಿಂದ ಮಲಗಬಹುದು, ನೀರೇ ಬಂದು ಎಬ್ಬಿಸುತ್ತದೆ.

ಕಚೇರಿಯಲ್ಲಿ ಅಂದು ಹೊಸದೇನಾದರೂ ಮಾಡಿ ತೋರಿಸುವ ಪಾಳಿ ಅವನದೇ. ಮುಖ್ಯಾಧಿಕಾರಿ ಪದ್ಮಶ್ರೀ ಮೇಡಂ ಬಂದ ಮೇಲೆ ಪ್ರತಿಯೊಬ್ಬ ನೌಕರನೂ ಜನರಿಗೆ ಅನುಕೂಲವಾಗುವ ಒಂದು ಹೊಸ ಕೆಲಸವನ್ನು ಯಾವುದಾದರೂ ಒಂದು ಓಣಿಯಲ್ಲಿ ಮಾಡಿ ನೋಡಬೇಕಿತ್ತು. ಕೆಟ್ಟರೆ ನೋಟಿಸು ಇಲ್ಲ. ಯಾಕೆ ಕೆಟ್ಟಿತೆಂದು ಎಲ್ಲರೆದುರು ನಿಂತು ಹೇಳಿದರೆ ಸಾಕು. ಕುರ್ಚಿ ಸರಿಸಲೂ ಸಾಹೇಬರ ಅಪ್ಪಣೆ ಕಾಯುತ್ತಿದ್ದ ಕಚೇರಿಯಲ್ಲಿ ಈಗ ಜನ ಚಹಾ ಕುಡಿಯುತ್ತ ತಮ್ಮ ತಮ್ಮ ತಪ್ಪುಗಳನ್ನು ಹೇಳಿಕೊಂಡು ನಗುತ್ತಿದ್ದರು. ಕಸದ ಗಾಡಿಯ ವೇಳೆ ಬದಲಿಸಿ ಬೈಸಿಕೊಂಡ ಈಶ್ವರ, ಆ ಬೈಗುಳಗಳಿಂದಲೇ ಸರಿಯಾದ ವೇಳೆ ಕಂಡುಹಿಡಿದಿದ್ದ. ಭೀಮೇಶನಿಗೆ ಇದೆಲ್ಲ ತುಂಬ ಮೆಚ್ಚುಗೆ. ಆದರೆ ಸೋತು ಎಲ್ಲರೆದುರು ನಿಲ್ಲುವುದು ಮಾತ್ರ ಅವನಿಗೆ ಬೇಡವಾಗಿತ್ತು. ಪೀಪಿ ಕೂಗಲೇಬೇಕಿತ್ತು.

ಈಶ್ವರ ಬೈಕಿನಲ್ಲಿ ಗೋಕಾಕಕ್ಕೆ ಹೋಗಿ ಪೀಪಿ ತಂದ. ಓಣಿಯ ಮೂಲೆಯ ನಳಕ್ಕೆ ಅದನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ಸಿಕ್ಕಿಸಿದರು. ಕಟ್ಟಲು ಇಬ್ಬರು, ಹೇಗೆ ಕಟ್ಟಬೇಕೆಂದು ಹೇಳಲು ಇಡೀ ಓಣಿ. ಈಶ್ವರನಂತೂ ಹೋಗಿಬರುವವರಿಗೆಲ್ಲ ಅದನ್ನು ಬಿಚ್ಚಿ, ಮದುವೆಯ ವಾದ್ಯದವನಂತೆ ಕೆನ್ನೆ ಉಬ್ಬಿಸಿ ಊದಿ ತೋರಿಸಿದ. ಎದುರು ಮನೆಯ ಸುಂದ್ರವ್ವ ಸಾಕು ಮಾಡೆಂದು ಎರಡು ಸಲ ಹೇಳಿದರೂ ಕೇಳಲಿಲ್ಲ.

ಸಂಜೆ ಮೇಡಂ ಬಂದರು. ಕೊಡಗಳು ಸಾಲಾದವು. ನೀರು ಬಿಟ್ಟರು. ಎಲ್ಲರೂ ಉಸಿರು ಹಿಡಿದರು, ಪೀಪಿಯೂ ಹಿಡಿಯಿತು. ರಬ್ಬರು ಉಬ್ಬಿತು, ಇನ್ನಷ್ಟು ಉಬ್ಬಿತು. ಪೀಪಿ ಒಮ್ಮೆಯೂ ಕುಂಯ್ ಎನ್ನದೆ ಚಿಮ್ಮಿ ಮೇಡಂ ಕಾಲ ಬಳಿ ಬಿತ್ತು. ಹಿಂದೆಯೇ ನೀರು ದಬದಬ ಸುರಿಯಿತು.

ಭೀಮೇಶ ಕಣ್ಣು ಮುಚ್ಚಿ ಬಾಯಿ ತೆರೆದ. “ಸೋತೇನ್ರಿ ಮೇಡಂ. ನಮ್ಮ ಪೈಪಿನ ಗಾಳಿ ಭಾಳ ಜೋರ ಐತ್ರಿ, ಪೀಪಿ ತಡೀಲಿಲ್ಲ. ಗಾಳಿ ನೋಡದ ಕಟ್ಟಿದ್ದು ನನ್ನ ತಪ್ಪರಿ.”

ಮೇಡಂ ಚಪ್ಪಾಳೆ ತಟ್ಟಿದರು. “ಹಿಂಗ ಬಿಚ್ಚಿ ಹೇಳೋರ ಬೇಕ್ರಿ ನಮಗ. ನಾಳೆ ಮೂಡಲಗಿಗೆ ಹೋಗ್ರಿ, ನಾಡದು ಹುಕ್ಕೇರಿಗೆ. ಅಲ್ಲಿಯ ಪುರಸಭೆಯವರಿಗೂ ಇದನ್ನ ಹೇಳ್ರಿ, ಅವರೂ ಕಲೀಲಿ.”

ಅವರ ಜೀಪು ಮರೆಯಾದ ಮೇಲೆ ಓಣಿ ಖಾಲಿಯಾಯಿತು. ಸುಂದ್ರವ್ವ ಭೀಮೇಶನ ಬಳಿ ಬಂದು ಪೀಪಿಯನ್ನು ಎತ್ತಿಕೊಂಡು, ಕಡ್ಡಿ ಹಾಕಿ ಅದರೊಳಗಿಂದ ಅರಳೆಯ ಉಂಡೆಯೊಂದನ್ನು ಹೊರತೆಗೆದಳು.

“ಸಿಟ್ಟಾಗಬ್ಯಾಡ ತಮ್ಮಾ. ಆ ಈಶ್ವರ ಊದಿ ಊದಿ ನಮ್ಮ ಕೂಸಿನ್ನ ಎಬ್ಬಸಾಕತ್ತಿದ್ದ. ಅಂವ ಚಾ ಕುಡ್ಯಾಕ ಹೋದಾಗ ನಾನ ತುರುಕಿದೆ. ತಗೀಬೇಕು ಅನ್ನೂದ್ರಾಗ ಮೇಡಂ ಬಂದಬಿಟ್ರು.”

ಭೀಮೇಶ ಪೀಪಿಯನ್ನು ಮತ್ತೆ ನಳಕ್ಕೆ ಸಿಕ್ಕಿಸಿದ. ಪಂಪಿನ ಕರೆಂಟು ಹೋಗಿ ನಡುವೆ ನಿಂತಿದ್ದ ನೀರು ಆಗಷ್ಟೇ ಮತ್ತೆ ಹೊರಟಿತ್ತು. ಮುಂದೋಡಿ ಬಂದ ಗಾಳಿಗೆ ಪೀಪಿ ಎಷ್ಟು ಚೊಕ್ಕವಾಗಿ ಕೂಗಿತೆಂದರೆ, ಓಣಿಯವರೆಲ್ಲ ಮನೆಯೊಳಗಿನಿಂದಲೇ ಈಶ್ವರನನ್ನು ಬೈದರು.

ಭೀಮೇಶ ಮೇಡಂ ನಂಬರು ತೆಗೆದ. ಏನೆನ್ನುವುದು? ಸೋತದ್ದನ್ನು ಹೇಳುವ ಧೈರ್ಯವನ್ನು ಅವರು ಎಲ್ಲರಿಗೂ ಕಲಿಸಿದ್ದರು. ಆ ಸೋಲೇ ಸುಳ್ಳೆಂದು ಹೇಳುವ ಪಾಠ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಅವರದೇ ಮೆಸೇಜು ಬಂತು: ಮೂಡಲಗಿಯಲ್ಲಿ ಅವನ ಮಾತು ಕೇಳಲು ದೊಡ್ಡ ಸಭಾಭವನವನ್ನೇ ಹಿಡಿದಿದ್ದರು.

ಸುಂದ್ರವ್ವ ಹೇಗೂ ಬಾಯಿ ಬಿಡುವವಳಲ್ಲ. ಭೀಮೇಶ ಪೀಪಿಯನ್ನು ಕಿತ್ತು, ಅರಳೆಯನ್ನು ಮತ್ತೆ ಅದರೊಳಗೆ ಬಿಗಿಯಾಗಿ ತುರುಕಿ, ಅದರ ಸಂಗತಿಯನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದ.