ಪಿಕಪ್ ಇಲ್ಲದ ಬಸ್ಸು, ಪುರುಸೊತ್ತಿಲ್ಲದ ಭಾವ

ನನ್ನ ಭಾವನ ಎಡಗಾಲು ನಮ್ಮ ನಿಮ್ಮ ಕಾಲಿನಂತೆಯೇ ಇದೆ. ತೊಂದರೆಯಿರುವುದು ಬಲಗಾಲಿನಲ್ಲಿ. ಅದು ಮನುಷ್ಯನ ಕಾಲೇ ಅಲ್ಲ, ಎಕ್ಸಿಲೇಟರ್ ತುಳಿಯಲೆಂದೇ ಬ್ರಹ್ಮ ಬೇರೆಯಾಗಿ ಮಾಡಿ ಅಂಟಿಸಿದ ಸಾಮಾನು! ಊಟಕ್ಕೆ ಕುಳಿತಾಗ ಪಾಯಸ ಬರುವುದು ತಡವಾದರೆ ಆ ಕಾಲು ಮೇಜಿನ ಕೆಳಗೆ ನೆಲವನ್ನು ಒತ್ತುತ್ತಿರುತ್ತದೆ. ಕ್ಷೌರದಂಗಡಿಯ ಕುರ್ಚಿಯಲ್ಲೂ ಒತ್ತುತ್ತದೆ. ನನ್ನ ಬೈಕಿನ ಹಿಂದೆ ಕುಳಿತು ಒತ್ತಿ ಒತ್ತಿ ಎರಡು ಸಲ ಫುಟ್‌ರೆಸ್ಟ್ ಮುರಿದಿದ್ದಾರೆ. ಅಕ್ಕನನ್ನು ಕೇಳಿದರೆ, ಧಾರೆಯ ಹೊತ್ತಿಗೂ ಹಸೆಯ ಮೇಲೆ ಒತ್ತುತ್ತಲೇ ಇದ್ದರಂತೆ. ಅದನ್ನು ನೋಡಿ ಭಟ್ಟರೇ ಮಂತ್ರದ ಗೇರು ಬದಲಿಸಿದರಂತೆ!

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ನಾಚಿಕೆಯಿಂದ ಹೇಳುತ್ತಿಲ್ಲ. ಭಟ್ಕಳದಲ್ಲಿ ನನ್ನದೇ ಗ್ಯಾರೇಜಿದೆ. ಮೂವತ್ತು ವರ್ಷಗಳಲ್ಲಿ ನಾನು ಬಿಗಿದ ಬೋಲ್ಟು ಸಡಿಲವಾಗಿ ತಿರುಗಿ ಬಂದದ್ದಿಲ್ಲ. ಈಗಿನವರು ಬಾನೆಟ್ ಎತ್ತಿ ಮೊಬೈಲ್ ನೋಡುತ್ತಾರೆ. ನಾನು ಬಾನೆಟ್ ಎತ್ತಿದರೆ ಎಂಜಿನ್ನನ್ನೇ ನೋಡುತ್ತೇನೆ. ನನ್ನ ಆಸ್ತಿಯೆಂದರೆ ಈ ಹೆಸರೊಂದೇ.

ಭಾವನ ಆಸ್ತಿ ಒಂದು ಹಳೆಯ ಟರ್ಬೊ ಡೀಸೆಲ್ ಬಸ್ಸು. ಹೊನ್ನಾವರ, ಕರ್ಕಿ, ಹಳದೀಪುರದ ಹೆಂಗಸರನ್ನು ಬೆಳಿಗ್ಗೆ ಕುಮಟಾದ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿಗೆ ಮುಟ್ಟಿಸುವುದು ಅದರ ಕೆಲಸ. ಎಂಟಕ್ಕೆ ಗೇಟು ಹಾಕುತ್ತಾರೆ. ಆಮೇಲೆ ಬಂದವರಿಗೆ ಅರ್ಧ ದಿನದ ಕೂಲಿ ಹೋಯಿತು. ಬಸ್ಸೇ ತಡವಾದರೆ ಇಡೀ ಬಸ್ಸಿನವರದ್ದೂ ಹೋಯಿತು! ಹಾಗಾಗಿ ಭಾವ ಯಾರಿಗೂ ಕಾಯುವುದಿಲ್ಲ. ಯಾರಿಗೂ ಎಂದರೆ ಯಾರಿಗೂ. ಒಮ್ಮೆ ನನ್ನ ಅಕ್ಕನನ್ನೇ ಹಳದೀಪುರದಲ್ಲಿ ಬಿಟ್ಟುಹೋಗಿ, ಕುಮಟಾದಿಂದ ಫೋನ್ ಮಾಡಿ, ಎಲ್ಲಿ ಕೂತಿದ್ದೀಯೆ, ಕಾಣುವುದಿಲ್ಲವಲ್ಲ ಎಂದು ಕೇಳಿದ ಮಹಾನುಭಾವರು!

ಇಂಥವರ ಕೈಗೆ ದೇವರು ಎಂಥ ಬಸ್ಸು ಕೊಡಬೇಕು? ಪಿಕಪ್ ಇಲ್ಲದ ಬಸ್ಸು!

ಟರ್ಬೊ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಂಜಿನ್ ಬಿಡುವ ಹೊಗೆಯ ರಭಸಕ್ಕೆ ತಿರುಗುವ ಚಕ್ರ ಅದು. ತಿರುಗಿ ಎಂಜಿನ್ನಿಗೆ ಗಾಳಿ ತುಂಬಿಸುತ್ತದೆ. ಬಸ್ಸು ಮೆಲ್ಲಗಿದ್ದಾಗ ಹೊಗೆ ಕಡಿಮೆ, ಹೊಗೆ ಕಡಿಮೆಯಾದರೆ ಗಾಳಿಯೂ ಕಡಿಮೆ. ಮದುವೆ ಮನೆಯಲ್ಲಿ ಅರ್ಧ ಪಂಕ್ತಿ ಎದ್ದ ಮೇಲೆ ಸೊಂಟಕ್ಕೆ ಪಂಚೆ ಬಿಗಿದು ಬಡಿಸಲು ಬರುವ ನೆಂಟರಿರುತ್ತಾರಲ್ಲ, ಹಾಗೆ. ಎಲ್ಲ ಟರ್ಬೊಗಳೂ ಸ್ವಲ್ಪ ತಡವೇ. ಭಾವನ ಬಸ್ಸಿನದ್ದು ಮಾತ್ರ ಕೈ ತೊಳೆಯುವ ಹೊತ್ತಿಗೆ ಬರುತ್ತಿತ್ತು.

ನಿಲ್ಲಿಸಿದ ಬಸ್ಸನ್ನು ಎತ್ತಬೇಕಾದರೆ ಮೊದಲನೇ ಗೇರಿನಲ್ಲಿ ನರಳಾಟ, ಎರಡನೆಯದರಲ್ಲಿ ಮುಲುಕಾಟ. ಪಕ್ಕದಲ್ಲಿ ಸೈಕಲ್ಲಿನವನು ಮಾತಾಡಿಸಿಕೊಂಡು ಮುಂದೆ ಹೋಗುತ್ತಿದ್ದ. ಒಂದೊಂದು ಸ್ಟಾಪಿನಲ್ಲೂ ಒಂದೊಂದು ನಿಮಿಷ ಸೋರಿಹೋಗುತ್ತಿತ್ತು. ಇನ್ನೊಂದು ಸಲ ಗೇಟು ತಪ್ಪಿದರೆ ಬೇರೆ ಬಸ್ಸು ನೋಡುತ್ತೇವೆ ಎಂದು ಫ್ಯಾಕ್ಟರಿಯವರು ಹೇಳಿಬಿಟ್ಟರು.

ಭಾವ ನನ್ನ ಹತ್ತಿರ ಬಂದರೇ? ಇಲ್ಲ! ಹೆಂಡತಿಯ ತಮ್ಮನ ಎದುರು ಸೋಲುವುದುಂಟೇ? ತಾವೇ ಚಿಕಿತ್ಸೆ ಶುರುಮಾಡಿದರು. ಭಾರವೇ ಕಾರಣವೆಂದು ಪರದೆ, ಪರದೆಯ ಸರಳು, ಹಿಂದಿನ ಸೀಟು ಕಿತ್ತರು. ಆಮೇಲೆ ಸ್ಟೆಪ್ನಿ ಚಕ್ರವನ್ನೂ ಇಳಿಸಿ ಮನೆಯಲ್ಲಿಟ್ಟರು. ಮೂರನೇ ದಿನ ಹಳದೀಪುರದಲ್ಲಿ ಪಂಕ್ಚರ್! ಅಕ್ಕ ಆ ಚಕ್ರವನ್ನು ರಿಕ್ಷಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ನೆಂಟರನ್ನು ಕರೆತಂದಂತೆ ತಂದಳು. ಕೊನೆಗೆ ಭಾವ ತಾವೇ ಅನ್ನ ಬಿಟ್ಟು ಎರಡು ಕಿಲೋ ಇಳಿದರು. ಅದು ಅಕ್ಕನಿಗೆ ಗೊತ್ತಾಯಿತು, ಬಸ್ಸಿಗೆ ಗೊತ್ತಾಗಲಿಲ್ಲ.

ಒಂದು ಭಾನುವಾರ ಇಡಗುಂಜಿಗೆ ಹರಕೆಯವರನ್ನು ಕರೆದೊಯ್ಯುವಾಗ ಏರಿನಲ್ಲಿ ಬಸ್ಸು ಕೂತೇಬಿಟ್ಟಿತು. ಇವರು ಕೈಮುಗಿದು, ಇಲ್ಲಿಂದ ನಡೆದು ಹೋದರೆ ಪುಣ್ಯ ಜಾಸ್ತಿ ಎಂದು ಎಲ್ಲರನ್ನೂ ಇಳಿಸಿದರು. ಎಲ್ಲರೂ ನಂಬಿದರು, ಒಬ್ಬ ಅಜ್ಜಿಯನ್ನು ಬಿಟ್ಟು.

"ಪುಣ್ಯ ನಡೆದವರಿಗೆ ಅಂತಾದ್ರೆ, ಬಾಡಿಗೆ ನಿಂಗೆಂತಕ್ಕೆ ಮಾರಾಯ?" ಎಂದಿತು ಅಜ್ಜಿ.

ಆ ಭಾನುವಾರ ಭಾವ ಇಡಗುಂಜಿಯಿಂದ ನೇರವಾಗಿ ನನ್ನ ಗ್ಯಾರೇಜಿಗೆ ಬಂದರು.

ನಾನು ಬಾನೆಟ್ ಎತ್ತಿದೆ. ಏರ್ ಫಿಲ್ಟರ್ ತೆಗೆದು ಕೊಡವಿದರೆ ಒಂದು ಗದ್ದೆಗಾಗುವಷ್ಟು ಮಣ್ಣು! ಆಮೇಲೆ, ಟರ್ಬೊ ಗಾಳಿ ಹೋಗುವ ಪೈಪುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಎಂಜಿನ್ ಏರಿಸಲು ಹೇಳಿದೆ. ಡೀಸೆಲ್ ಪಂಪಿಗೆ ಹೋಗುವ ಬೆರಳ ಗಾತ್ರದ ಪೈಪಿನ ಬಾಗಿನಲ್ಲಿ ಬುಳುಬುಳು ಗುಳ್ಳೆ ಎದ್ದವು. ಗಾಳಿ ಬಂದಿದೆ, ಇನ್ನು ಡೀಸೆಲ್ ಹೆಚ್ಚು ಬಿಡು ಎಂದು ಪಂಪಿಗೆ ಸುದ್ದಿ ಮುಟ್ಟಿಸುವ ಪೈಪು ಅದು. ಒಡೆದ ಜಾಗಕ್ಕೆ ಯಾರೋ ಪುಣ್ಯಾತ್ಮರು ಸೈಕಲ್ ಟ್ಯೂಬು ಸುತ್ತಿದ್ದರು. ಯಾರೆಂದು ಕೇಳಿದೆ. ಭಾವ ಆಕಾಶ ನೋಡಿದರು. ಬಲಗಾಲು ಮಾತ್ರ ನೆಲ ಒತ್ತುತ್ತಿತ್ತು. ಹೊಸ ಪೈಪು ಹಾಕಿ, ಕ್ಲಾಂಪುಗಳನ್ನೆಲ್ಲ ಬಿಗಿದು, ಟ್ಯಾಪೆಟ್ ಸರಿಮಾಡಿ ಕೊಟ್ಟೆ. ಬಸ್ಸು ಗ್ಯಾರೇಜಿನಿಂದ ಹೊರಟದ್ದು ಹಗ್ಗ ಬಿಚ್ಚಿದ ಕರುವಿನ ಹಾಗೆ! ನನ್ನ ಎದೆ ಎರಡಿಂಚು ಉಬ್ಬಿತು.

ಗುರುವಾರ ಮಧ್ಯಾಹ್ನ ಬಸ್ಸು ಮತ್ತೆ ಗ್ಯಾರೇಜಿನ ಮುಂದೆ ನಿಂತಿತ್ತು. ನಾನು ಬಿಗಿದದ್ದು ಸಡಿಲವಾಯಿತೇ?

"ಪಿಕಪ್ ಸ್ವಲ್ಪ ಕಮ್ಮಿ ಮಾಡಿ ಕೊಡು," ಎಂದರು ಭಾವ.

ನನಗೆ ನೆತ್ತಿಗೇರಿತು. ಡೀಸೆಲ್ ಜಾಸ್ತಿ ಕುಡಿಯುತ್ತದೆ ಎಂದರು. ಕುಡಿಯುವುದಿಲ್ಲ ಎಂದೆ. ಹೆಂಗಸರ ಬುತ್ತಿ ಡಬ್ಬಿ ಉರುಳುತ್ತವೆ ಎಂದರು. ಮೆಲ್ಲಗೆ ತುಳಿಯಿರಿ ಎಂದೆ. ತಮ್ಮ ಕಾಲಿಗೆ ಮೆಲ್ಲಗೆ ಎನ್ನುವುದು ತಿಳಿಯುವುದಿಲ್ಲವೆಂದು ಅವರೇ ಒಪ್ಪಿಕೊಂಡರು. ಎರಡು ಸಲ ಬಸ್ಸು ಸುತ್ತಿ ಬಂದು, ಟಯರಿಗೆ ಒದ್ದು, ಕೊನೆಗೆ ನಿಜ ಬಾಯಿಬಿಟ್ಟರು.

ಕರ್ಕಿಯಲ್ಲಿ ಒಬ್ಬಳು ಹತ್ತುತ್ತಾಳೆ. ತಾಯಿಗೆ ಪಾರ್ಶ್ವವಾಯು, ಮನೆಯಲ್ಲಿ ಬೇರೆ ಯಾರೂ ಇಲ್ಲ. ತೊಳೆದು, ಉಣ್ಣಿಸಿ, ಪಕ್ಕದ ಮನೆಯವರಿಗೆ ಹೇಳಿ ಓಡಿಬರುತ್ತಾಳೆ. ಯಾವತ್ತೂ ಅರ್ಧ ನಿಮಿಷ ತಡ. ಮೊದಲಾದರೆ ಬಸ್ಸು ಮುಲುಕುತ್ತ ಎರಡನೇ ಗೇರಿಗೆ ಬರುವುದರೊಳಗೆ ಹಿಂದಿನ ಬಾಗಿಲಿನ ಸರಳು ಹಿಡಿದು ಹತ್ತಿಬಿಡುತ್ತಿದ್ದಳು. ಈ ವಾರ ಮೂರು ದಿನ ಸಿಗಲಿಲ್ಲ. ಮೂರು ದಿನವೂ ಅರ್ಧ ಕೂಲಿ.

"ಕಾಯ್ರಿ ಹಂಗಾದ್ರೆ. ಅರ್ಧ ನಿಮಿಷ ಅಲ್ವ?" ಎಂದೆ.

"ಕಾದೆ ಅಂತ ಗೊತ್ತಾದ್ರೆ ನಾಳೆಯಿಂದ ಎಲ್ಲರೂ ಮನೆಯಲ್ಲೇ ಇನ್ನೊಂದು ಚಾ ಕುಡೀತಾರೆ. ಗೇಟು ಕಾಯ್ತದ್ಯ? ಬಸ್ಸು ಏಳಲಿಲ್ಲ ಅಂದ್ರೆ ಯಾರೂ ಎಂತದೂ ಹೇಳೂದಿಲ್ಲ."

ನಾನು ಮೂವತ್ತು ವರ್ಷಗಳ ಹೆಸರಿನವನಲ್ಲವೇ? ಬಿಗಿದ ಬೋಲ್ಟನ್ನು ಸಡಿಲ ಮಾಡುವ ಕೆಲಸಕ್ಕೆ ಬೇರೆ ಗ್ಯಾರೇಜು ನೋಡಿ ಎಂದುಬಿಟ್ಟೆ. ಅವರು ಚಾ ಸಹ ಕುಡಿಯದೆ ಹೋದರು. ಅಂದು ನಾನು ಕೈಗೆತ್ತಿಕೊಂಡ ಸ್ಪ್ಯಾನರೆಲ್ಲ ತಪ್ಪು ನಂಬರಿನದೇ ಆಯಿತು.

ಮುಂದಿನ ವಾರ ಕುಮಟಾದಿಂದ ಒಂದು ಪಂಪು ತರುವುದಿತ್ತು. ಹೊನ್ನಾವರದಲ್ಲಿ ಭಾವನ ಬಸ್ಸೇ ಹತ್ತಿ, ಎಂಜಿನ್ನಿನ ಪಕ್ಕದ ಸೀಟಿನಲ್ಲಿ ಕುಳಿತೆ. ಅವರು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಎಂಜಿನ್ ಮಾತ್ರ ನಾನು ಕಲಿಸಿದ ಮಾತನ್ನೇ ಸ್ಪಷ್ಟವಾಗಿ ಆಡುತ್ತಿತ್ತು.

ಕರ್ಕಿಯಲ್ಲಿ ನಾಲ್ಕು ಜನ ಹತ್ತಿದರು. ಭಾವ ಗೇರು ಹಾಕಿದರು. ಎಂಜಿನ್ ಮೊರೆಯಿತು. ಬಸ್ಸು ಆಮೆಯಷ್ಟೂ ಸರಿಯಲಿಲ್ಲ. ನಾನು ಕೆಳಗೆ ನೋಡಿದೆ. ಬಲಗಾಲು ತುಳಿಯುತ್ತಿದೆ, ಎಡಗಾಲು ಎಂಜಿನ್ನಿನ ಬಲ ಚಕ್ರಕ್ಕೆ ಮುಟ್ಟದ ಹಾಗೆ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದಿದೆ! ಕ್ಲಚ್ ಪ್ಲೇಟು ಸುಡುವ ವಾಸನೆ ನನ್ನ ಮೂಗಿಗೆ ಬಡಿಯಿತು. ನಾನು ಕಣ್ಣು ಮುಚ್ಚಿಕೊಂಡೆ.

ಮುಂದಿನ ಸೀಟಿನ ಹೆಂಗಸೊಬ್ಬಳು, "ಎಂತ ಬಸ್ಸು ಇದು. ರಿಪೇರಿ ಆತು ಅಂದಿದ್ರಲ್ಲ?" ಎಂದಳು.

"ಆತು. ನಮ್ಮನೆಯವಳ ತಮ್ಮನೇ ಮಾಡಿದ್ದು. ಇಲ್ಲೇ ಕೂತಿದ್ದಾನೆ, ಅವನನ್ನೇ ಕೇಳಿ," ಎಂದರು ಭಾವ, ರಸ್ತೆಯಿಂದ ಕಣ್ಣು ತೆಗೆಯದೆ.

ಇಡೀ ಬಸ್ಸು ನನ್ನ ಕಡೆ ತಿರುಗಿತು. ಯಾರೋ ನಕ್ಕರು. ಭಟ್ಕಳದ ಮೇಸ್ತ್ರಿಯ ಕೈಗುಣ ಇಷ್ಟೇಯ ಎಂದು ಇನ್ನೊಬ್ಬಳು ಪಕ್ಕದವಳಿಗೆ ಕೇಳಿಸುವಂತೆ ಹೇಳಿದಳು. ಕನ್ನಡಿಯಲ್ಲಿ ನೋಡಿದೆ. ಒದ್ದೆ ಕೂದಲನ್ನು ಗಂಟು ಹಾಕಿಕೊಳ್ಳುತ್ತ, ಕಂಕುಳಲ್ಲಿ ಬುತ್ತಿ ಚೀಲ ಒತ್ತಿಕೊಂಡು, ಒಬ್ಬಳು ಓಡಿ ಬರುತ್ತಿದ್ದಳು. ಇನ್ನೂ ಹತ್ತು ಮಾರು ಇತ್ತು.

ನಾನು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಹೌದು, ನನ್ನದೇ ತಪ್ಪು. ಪೈಪು ಸರಿ ಕೂತಿಲ್ಲ. ಈ ಬಸ್ಸು ಕರ್ಕಿಯಲ್ಲಿ ಇನ್ನು ಹೀಗೇ."