ಎತ್ತರದ ಕಟ್ಟಡಗಳ ತುಮಕೂರು ಪ್ರತಿನಿಧಿ

ಇಡೀ ಫಜೀತಿಗೆ ಕಾರಣ ಅಡವೀಶ ಹೇಳಿದ ಒಂದು ನಿಜ.

ಎತ್ತರದ ಕಟ್ಟಡಗಳ ವಿನ್ಯಾಸಕರದ್ದೊಂದು ಅಂತರರಾಷ್ಟ್ರೀಯ ಸಂಸ್ಥೆಯಿತ್ತು. ವಿದೇಶದ ಯಾವುದೋ ಊರಿನಲ್ಲಿ ನಾಲ್ಕಾರು ಪ್ರೊಫೆಸರುಗಳು ಕಾಫಿ ಕುಡಿಯುತ್ತ ಶುರು ಮಾಡಿದ್ದು. ಆಮೇಲೆ ದೇಶದಿಂದ ದೇಶಕ್ಕೆ ಹಬ್ಬಿ, ರಾಜಧಾನಿಗಳೆಲ್ಲ ಮುಗಿದು, ಈಗ ಸಣ್ಣ ಊರುಗಳಿಗೂ ಪ್ರತಿನಿಧಿಗಳನ್ನು ಹುಡುಕುತ್ತಿತ್ತು. ಉಪ್ಪಾರಹಳ್ಳಿಯಲ್ಲಿ ಮನೆ ಪ್ಲಾನ್ ಬರೆದುಕೊಡುವ ಅಡವೀಶ, ಕೆಲಸವಿಲ್ಲದ ಒಂದು ಮಧ್ಯಾಹ್ನ ಮೊಬೈಲಿನಲ್ಲೇ ಅದರ ಸದಸ್ಯನಾದ. 'ನಿಮ್ಮ ನಗರದಲ್ಲಿ ಇನ್ನೂ ಮಹಡಿ ಏರಬೇಕಾದ ಕಟ್ಟಡಗಳು ಎಷ್ಟಿವೆ?' ಎಂದು ಅವರು ಕೇಳಿದರು. ಅಡವೀಶ ಕಿಟಕಿಯಿಂದ ಹೊರಗೆ ನೋಡಿದ. ಕಂಡ ಕಂಡ ತಾರಸಿಯ ಮೇಲೆಲ್ಲ ಪಿಲ್ಲರಿನ ಕಂಬಿಗಳು ಆಕಾಶ ನೋಡುತ್ತ ನಿಂತಿದ್ದವು. ಮುಂದೆ ಯಾವತ್ತಾದರೂ ಮೇಲೆ ಕಟ್ಟಿಸಲು ಇರಲಿ ಎಂದು ಬಿಟ್ಟವು. ಕಂಬಿ ಬಿಡದೆ ಮನೆ ಮುಗಿಸುವವನನ್ನು ಇಲ್ಲಿ ಜನ ಆಸೆ ಬಿಟ್ಟ ಸನ್ಯಾಸಿಯಂತೆ ನೋಡುತ್ತಾರೆ. 'ಊರಿನ ಮುಕ್ಕಾಲು ಪಾಲು' ಎಂದು ಅಡವೀಶ ಉತ್ತರ ಕಳಿಸಿದ.

ಇಷ್ಟು ಆಸೆಬುರುಕ ನಗರವನ್ನು ಸಂಸ್ಥೆ ಅದುವರೆಗೆ ಕಂಡಿರಲಿಲ್ಲ. ಅಡವೀಶ ತುಮಕೂರು ಪ್ರತಿನಿಧಿಯಾದ. ಆಫೀಸಿನ ಮುಂದೆ ಬೋರ್ಡು ಬಂತು. ಬೋರ್ಡು ನೋಡಿದ ಗುಬ್ಬಿಯ ಕೊಬ್ಬರಿ ವ್ಯಾಪಾರಿ ಚನ್ನವೀರಯ್ಯ ತಮ್ಮ ಮಗಳು ಮಾನಸಾಳನ್ನು ಕೊಡಲು ಒಪ್ಪಿದರು.

ತೊಂದರೆ ಒಂದೇ. ಎತ್ತರವೆಂದರೆ ಅಡವೀಶನಿಗೆ ಪ್ರಾಣಭಯ. ತಾರಸಿಗೆ ಮೋಲ್ಡ್ ಹಾಕುವ ದಿನವೂ ಅವನು ರಸ್ತೆಯಲ್ಲೇ ನಿಂತು, "ಕಂಬಿ ಕಟ್ಟಿರೋದು ಫೋಟೋ ಕಳ್ಸಪ್ಪ," ಎಂದು ಮೇಸ್ತ್ರಿಗೆ ಫೋನ್ ಮಾಡುತ್ತಿದ್ದ. ಇದು ಚನ್ನವೀರಯ್ಯನವರಿಗೆ ತಿಳಿದರೆ ಮದುವೆ ಮುಗಿದ ಕತೆ. ಮಗಳಿಗೆ ಬಂದಿದ್ದ, ಸಕ್ಕರೆ ಕಾಯಿಲೆಯಿದ್ದ ಬೇಕರಿ ಮಾಲೀಕನೊಬ್ಬನ ಸಂಬಂಧವನ್ನೇ "ತಾನ್ ಮಾಡಿದ್ನ ತಾನೇ ತಿನ್ನಕಾಗ್ದೋನು" ಎಂದು ಬಿಟ್ಟುಬಂದ ಮನುಷ್ಯ ಅವರು.

ಆ ಭಾನುವಾರ ಸಂಸ್ಥೆಯ ದಕ್ಷಿಣ ವಲಯದ ಕಾರ್ಯದರ್ಶಿ ತಿಮ್ಮರಾಜು ಬೆಂಗಳೂರಿನಿಂದ ಊರು ನೋಡಲು ಬಂದರು. ಮೂಲ ಕುಣಿಗಲ್ಲಿನವರು. ಸುದ್ದಿ ಗುಬ್ಬಿ ಮುಟ್ಟಿ, ಚನ್ನವೀರಯ್ಯ ಮಗಳನ್ನೂ ಕರೆದುಕೊಂಡು ಅವರಿಗಿಂತ ಮೊದಲೇ ಹಾಜರಾಗಿದ್ದರು.

"ಕ್ಯಾತ್ಸಂದ್ರದಿಂದ ನೋಡ್ಕೊಂಡೇ ಬಂದೆ ಕಣ್ರೀ," ಎಂದರು ತಿಮ್ಮರಾಜು. "ಒಂದ್ ಮನೆನೂ ಮುಗ್ದಿಲ್ಲ. ಊರಿಗ್ ಊರೇ ಮೇಲಕ್ ಹೊರ್ಟೈತೆ."

"ನಿಧಾನಕ್ ಹೋಗ್ತದೆ ಸಾರ್," ಎಂದ ಅಡವೀಶ.

ಆಫೀಸಿದ್ದ ಕಟ್ಟಡದ ಮಾಲಕಿ ಸಿದ್ದಗಂಗಮ್ಮ ಕಾಫಿ ತಂದವಳು ಅಲ್ಲೇ ನಿಂತಳು. "ನಾನೂ ಹತ್ತು ಮಹಡಿಗೆ ಆಗಂಗೆ ಕಂಬಿ ಬುಟ್ಟಿದೀನಿ ಸಾರ್. ಅಲ್ಲೀಗಂಟ ಬಟ್ಟೆ ಒಣಗಾಕ್ತಿದೀನಿ ಅಷ್ಟೇಯ. ಬನ್ನಿ, ಮೇಲ್ ಬಂದ್ ನೋಡಿ."

ಅಡವೀಶ ಹಲ್ಲಿಯಂತೆ ಗೋಡೆಗೆ ಅಂಟಿಕೊಂಡು ಮೂರನೇ ಮಹಡಿಯ ತಾರಸಿ ತಲುಪಿದ. ನಟ್ಟನಡುವೆ ದೃಷ್ಟಿಬೊಂಬೆ ಕಟ್ಟಿದ್ದ ಕಂಬಿಯೊಂದನ್ನು ಹಿಡಿದು ನಿಂತ. ಬೊಂಬೆಯ ಮುಖದಲ್ಲಿ ಅವನಿಗಿಂತ ಹೆಚ್ಚು ಕಳೆಯಿತ್ತು.

"ಇಲ್ಲಿಂದ ಏನ್ ಕಾಣ್ತದೆ ಸಾರ್," ಎಂದರು ಚನ್ನವೀರಯ್ಯ. ಮೆಟ್ಟಿಲ ಕೋಣೆಯ ನೆತ್ತಿಯ ಮೇಲಿದ್ದ ನೀರಿನ ಟ್ಯಾಂಕನ್ನೂ ಅದಕ್ಕೆ ಒರಗಿಸಿದ್ದ ಕಬ್ಬಿಣದ ಏಣಿಯನ್ನೂ ತೋರಿಸಿದರು. "ಅಲ್ ಹತ್ತುದ್ರೆ ಊರೆಲ್ಲ ಕಾಣ್ತದೆ. ನಿಮ್ಮಂಥೋರಿಗೆ ಇದ್ಯಾವ್ ಲೆಕ್ಕ."

ಅಡವೀಶ ತಿಮ್ಮರಾಜು ಕಡೆ ತಿರುಗಿದ. "ಅತಿಥಿಗಳು ಮೊದ್ಲು ಸಾರ್."

"ಛೆ, ಪ್ರತಿನಿಧಿಗಳು ಮೊದ್ಲು."

"ಸಂಸ್ಥೆ ನಿಮ್ದು."

"ಊರು ನಿಮ್ದು."

"ನಿಮ್ಮಿಬ್ರ ಮರ್ವಾದೆ ಮುಗಿಯೋ ಹೊತ್ಗೆ ಕತ್ಲಾಯ್ತದೆ," ಎಂದು ಸಿದ್ದಗಂಗಮ್ಮ ಅಡವೀಶನ ಬೆನ್ನಿಗೆ ಕೈಕೊಟ್ಟು ಏಣಿಗೆ ನೂಕಿದಳು.

ಅವನು ಕಣ್ಣು ಮುಚ್ಚಿಕೊಂಡೇ ಹತ್ತಿದ. ಮೇಲೆ ಅಂಚಿಗೆ ಮೋಟುಗೋಡೆಯೂ ಇರಲಿಲ್ಲ. ಕಳೆದುಹೋದ ಅಣ್ಣ ಸಿಕ್ಕಿದವನಂತೆ ಟ್ಯಾಂಕನ್ನು ಅಪ್ಪಿಕೊಂಡ. ಅಷ್ಟರಲ್ಲಿ ಹಿಂದಿನಿಂದ ಎರಡು ಕೈಗಳು ಅವನ ಸೊಂಟವನ್ನು ಅಪ್ಪಿಕೊಂಡವು. ತಿಮ್ಮರಾಜು.

"ಅಡವೀಶ್, ಯಾರ್ಗೂ ಹೇಳ್ಬೇಡ್ರಿ," ಕಿವಿಯಲ್ಲಿ ಪಿಸುಗುಟ್ಟಿದರು. "ನಂಗೆ ಎತ್ರ ಅಂದ್ರೆ ಆಗಲ್ಲ."

"ಸಾರ್, ನೀವು ಕಾರ್ಯದರ್ಶಿ."

"ಸದಸ್ಯರನ್ನ ಸೇರ್ಸೋದಷ್ಟೇ ನನ್ ಕೆಲ್ಸ. ಗ್ರೌಂಡ್ ಫ್ಲೋರಲ್ ಕೂತ್ಕೊಂಡೇ ನಾಲ್ಕ್ ರಾಜ್ಯದಲ್ಲಿ ಸಂಸ್ಥೆ ಬೆಳ್ಸಿದೀನಿ."

ಬಿಗಿಯಾದ ಶೂ ಬಿಚ್ಚಿದಂತಾಯಿತು ಅಡವೀಶನಿಗೆ. "ನಂಗೂ ಆಗಲ್ಲ ಸಾರ್," ಎಂದ. ಇಬ್ಬರೂ ಕಣ್ಣು ಮುಚ್ಚಿಕೊಂಡೇ ನಕ್ಕರು. ಟ್ಯಾಂಕಿನೊಳಗೆ ನೀರು ಕುಲುಕಿತು.

"ಏನ್ ಕಾಣ್ತೈತೆ ಸಾರ್?" ಕೆಳಗಿನಿಂದ ಚನ್ನವೀರಯ್ಯ ಕೂಗಿದರು.

"ದೇವರಾಯನದುರ್ಗ," ಎಂದರು ತಿಮ್ಮರಾಜು.

"ಬೆಟ್ಟ ನಿಮ್ ಬೆನ್ನಿಂದೆ ಐತಲ್ಲ," ಎಂದಳು ಸಿದ್ದಗಂಗಮ್ಮ.

ಇಳಿಯಲು ಹತ್ತುವುದಕ್ಕಿಂತ ಬಹಳ ಹೊತ್ತು ಬೇಕಾಯಿತು. ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡಕಿ ತಡಕಿ ಇಳಿದ ಇಬ್ಬರೂ, ಏಣಿಯ ಬಲ ಪರೀಕ್ಷೆ ಮಾಡಿದೆವೆಂದು ಹೇಳಿದರು.

"ಮೇಲೆ ಕಣ್ ಮುಚ್ಕೊಂಡಿದ್ರಲ್ಲ?" ಎಂದಳು ಮಾನಸಾ.

"ಗಾಳಿ ಹೊಡೆತದ್ ಲೆಕ್ಕ ಹಾಕ್ತಿದ್ವಮ್ಮ," ಎಂದರು ತಿಮ್ಮರಾಜು. "ಕಣ್ ಬಿಟ್ರೆ ಲೆಕ್ಕ ತಪ್ಪೋಗ್ತದೆ." ಆಮೇಲೆ ಚನ್ನವೀರಯ್ಯನವರ ಕೈ ಹಿಡಿದು, "ಇಂಥ ಅಳಿಯನ್ನ ಬಿಡ್ಬೇಡಿ," ಎಂದು ಹೇಳಿ, ಕಾಫಿಯನ್ನೂ ಮುಗಿಸದೆ ಕಾರು ಹತ್ತಿದರು.

ಅಡವೀಶನಿಗೆ ಹೋದ ಜೀವ ಬಂದಿತ್ತು. ಸಿದ್ದಗಂಗಮ್ಮ ಎಲ್ಲರಿಗೂ ಹೋಳಿಗೆ ಬಡಿಸಿದಳು. ಕುರ್ಚಿ ಸಾಲದೆ ಅವನು ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕುಳಿತ. ಮುಂದಿನ ತಿಂಗಳೇ ಲಗ್ನ ಎಂದರು ಚನ್ನವೀರಯ್ಯ. ಅವನು ಎರಡನೇ ಹೋಳಿಗೆ ಹಾಕಿಸಿಕೊಂಡ. ಇನ್ನು ಜನ್ಮದಲ್ಲಿ ಯಾರೂ ತನ್ನನ್ನು ಮೇಲಕ್ಕೆ ಹತ್ತಿಸುವುದಿಲ್ಲ, ಹತ್ತಿಸಬೇಕಾದವರೇ ತನ್ನ ಪಾರ್ಟಿ.

ಫೋನ್ ಬಂತು. ಅವನ ಕೈಯೆಲ್ಲ ತುಪ್ಪವಾಗಿತ್ತು, ಮಾನಸಾ ಸ್ಪೀಕರ್ ಹಾಕಿ ಹಿಡಿದಳು.

"ಅಡವೀಶ್, ನಾನು ತಿಮ್ಮರಾಜು. ಕ್ಯಾತ್ಸಂದ್ರನೂ ದಾಟಿಲ್ಲ, ಆಗ್ಲೇ ಒಂದ್ ಕೆಲ್ಸ ಮುಗಿಸ್ದೆ. ಸಂಸ್ಥೆಯ ಮಹಾಸಭೆ ಈ ಸಲ ದುಬೈನಲ್ಲಿ. ನೂರನೇ ಮಹಡಿ. ನೆಲ ಪೂರ್ತಿ ಗಾಜಂತೆ. ವಲಯದಿಂದ ಒಬ್ರು ಹೋಗ್ಲೇಬೇಕು. ನನ್ ಬದ್ಲು ನಿಮ್ ಹೆಸ್ರು ಕೊಟ್ಟೆ, ಒಪ್ಕೊಂಡ್ಬುಟ್ರು. ನನ್ ಕಷ್ಟ ನಿಮ್ಗಲ್ದೆ ಇನ್ಯಾರಿಗ್ ಗೊತ್ತಾಗ್ಬೇಕು ಹೇಳಿ."

"ಸಾರ್, ನಾನು—"

"ಹೋಗ್ತಾರೆ ಸಾರ್," ಎಂದು ಚನ್ನವೀರಯ್ಯ ಫೋನಿಗೆ ಬಾಯಿಟ್ಟರು. "ಲಗ್ನ ಮುಗಿಸ್ಕೊಂಡು ಜೋಡಿಯಾಗೇ ಹೋಗ್ತಾರೆ. ಮಗ್ಳುದ್ ಖರ್ಚು ನಂದು."

ಮಾನಸಾ ಮೊದಲ ಸಲ ಅವನನ್ನು ರೀ ಎಂದು ಕರೆದಳು. "ರೀ, ಆ ಗಾಜಿನ್ ಮೇಲ್ ನಿಂತ್ಕೊಂಡು ಒಂದ್ ಫೋಟೋ ತೆಗೆಸ್ಕೊಳಣ. ಆದ್ರೆ ಕಣ್ ಬಿಟ್ಕೊಂಡಿರ್ಬೇಕು."

ಮೆಟ್ಟಿಲ ಮೇಲೆ ಕುಳಿತಿದ್ದ ಅಡವೀಶ ತಟ್ಟೆ ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದು ನೆಲದ ಮೇಲೆ ಕುಳಿತ.