ಇನ್ನೂ ಕಟ್ಟದ ಸಂಗೀತ ಕಾರಂಜಿಗೆ, ರಸ್ತೆಯ ಈಚೆ ಬದಿಯಿಂದ

ಮಾನ್ಯ ಸಂಗೀತ ಕಾರಂಜಿಯವರೇ,

ಯಲಹಂಕದಾಚೆಯ ಚಿಕ್ಕಕುಂಟೇನಹಳ್ಳಿಯ ಸಮಸ್ತ ನಿವಾಸಿಗಳ ಪರವಾಗಿ, ಅವರಲ್ಲಿ ಒಬ್ಬರನ್ನೂ ಕೇಳದೆ, ನಾನು ಸಲ್ಲಿಸುತ್ತಿರುವ ಗೌರವಪೂರ್ವಕ ನಮಸ್ಕಾರಗಳನ್ನು ತಾವು ಸ್ವೀಕರಿಸಬೇಕು. ತಮ್ಮ ಕೊಳವೆಗಳು ಯಾವ ಗೋದಾಮಿನಲ್ಲಿವೆಯೋ, ತಮ್ಮ ಬಣ್ಣದ ದೀಪಗಳು ಯಾವ ಟೆಂಡರಿನೊಳಗೆ ನಿದ್ರಿಸುತ್ತಿವೆಯೋ ತಿಳಿಯದು. ಎಲ್ಲಿದ್ದರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇತ್ತ ನಾವೂ, ಬೆಳಗಿನ ಆರೂವರೆಯಿಂದ ಏಳೂವರೆಯವರೆಗಿನ ಒಂದು ಗಂಟೆಯನ್ನು ಬಿಟ್ಟರೆ, ಕ್ಷೇಮ.

ಆ ಒಂದು ಗಂಟೆಯ ವಿಷಯ ಹೇಳಲೆಂದೇ ಈ ಪತ್ರ. ನಮ್ಮೂರಿನ ಮನೆಗಳು ಮುಖ್ಯರಸ್ತೆಯ ಈಚೆ ಇವೆ, ಹಾಲಿನ ಡೈರಿ ಆಚೆ ಇದೆ, ನಡುವೆ ವಿಮಾನ ತಪ್ಪಿಹೋಗುವ ಭಯದವರು ಆರು ಸಾಲುಗಳಲ್ಲಿ ಹೋಗುತ್ತಿರುತ್ತಾರೆ. ನನ್ನ ಅಜ್ಜಿ ಮುನಿಕೆಂಪಮ್ಮ, ವಯಸ್ಸು ಎಪ್ಪತ್ತೆರಡು, ಡೈರಿಯವರು ಬಾಗಿಲು ಹಾಕುವುದರೊಳಗೆ ಹಾಲಿನ ಕ್ಯಾನು ಹಿಡಿದು ಈ ರಸ್ತೆ ದಾಟಬೇಕು. ದಾಟಲಾಗದ ದಿನ ಹಾಲು ಮನೆಗೆ ವಾಪಸಾಗುತ್ತದೆ. ಕಳೆದ ವಾರ ಮೂರು ದಿನ ಹೀಗೇ ಆಗಿ, ನಾವು ಬೆಳಿಗ್ಗೆ ಪಾಯಸ, ಮಧ್ಯಾಹ್ನ ಮಜ್ಜಿಗೆ, ಸಂಜೆ ಪಾಲ್ಕೋವ ಸೇವಿಸಿದೆವು. ಪಕ್ಕದ ಮನೆಯ ಅಸ್ಮಾ ಅವರಂತೂ ನನ್ನ ಕೈಯಲ್ಲಿ ಪಾತ್ರೆ ಕಂಡೊಡನೆ "ಬೇಡ ಕಣೇ, ನಿನ್ ಕಾಲಿಗ್ ಬೀಳ್ತೀನಿ, ಬೆಕ್ಕೂ ಮುಟ್ತಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಅದಕ್ಕೂ ಹಿಂದಿನ ತಿಂಗಳು ಬೈಕೊಂದು ತಗುಲಿ ಕ್ಯಾನು ರೊಟ್ಟಿಯಂತಾಯಿತು. ಅಜ್ಜಿ ರಸ್ತೆ ಮಧ್ಯದ ಕಲ್ಲಿನ ಮೇಲೆ ಕೂತು "ನಂಗೇನಾಗಿಲ್ಲ ಬುಡು, ಆಲ್ ಓಯ್ತಲ್ಲಾ" ಎಂದಳು. ಮುಂದಿನ ಸಲವೂ ಬೈಕು ಕ್ಯಾನನ್ನೇ ಆರಿಸಿಕೊಳ್ಳುತ್ತದೆ ಎಂಬ ಭರವಸೆ ನನಗಿಲ್ಲ.

ಇಂಥ ಹೊತ್ತಿನಲ್ಲಿ ಉಪನಗರ ಮುನ್ನೋಟ ಕೋಶ ಎಂಬ ಕಚೇರಿಯವರು ನಮ್ಮ ಸಮುದಾಯ ಭವನಕ್ಕೆ ಬಂದು, ಮುಂದಿನ ಇಪ್ಪತ್ತು ವರ್ಷ ನಮ್ಮೂರಿಗೆ ಏನು ಬೇಕೆಂದು ನಮ್ಮನ್ನೇ ಕೇಳಿದರು. ಬಾಗಿಲಷ್ಟು ಎತ್ತರದ ಹೊಚ್ಚಹೊಸ ಹಲಗೆ ನಿಲ್ಲಿಸಿದ್ದರು. ಅದರ ಮೇಲ್ತುದಿಯಲ್ಲಿ, ನಟ್ಟನಡುವೆ, ತಮ್ಮ ಭಾವಚಿತ್ರ. ಕೆಳಗೆ ಕೆರೆಗೆ ಬೇಲಿ, ಗ್ರಂಥಾಲಯ, ಬೀದಿದೀಪ. ಎಲ್ಲಕ್ಕಿಂತ ಕೆಳಗೆ, ಕಾಲ ಬಳಿ, ಪಾದಚಾರಿಗಳು ದಾಟಲು ಸಿಗ್ನಲ್. ತಲೆಗೊಂದು ಕೆಂಪು ದುಂಡು ಸ್ಟಿಕ್ಕರ್, ಬೇಕಾದ್ದರ ಮೇಲೆ ಅಂಟಿಸಬೇಕು. ಸಿಗ್ನಲ್ಲಿಗೇ ಅಂಟಿಸುವುದೆಂದು ಇಡೀ ಊರು ಮೊದಲೇ ಮಾತಾಡಿಕೊಂಡಿತ್ತು.

ಆದರೆ ಕಾರಂಜಿಯವರೇ, ನಮ್ಮ ಕಡೆಯ ಹೆಂಗಸರು ಹೊಸ ವಸ್ತುವನ್ನು ಬರಿದಾಗಿ ಬಿಡುವುದಿಲ್ಲವೆಂಬುದು ತಮಗೆ ತಿಳಿದಿರಲಾರದು. ಹೊಸ ಸ್ಕೂಟರಿಗೆ, ಹೊಸ ಮಿಕ್ಸಿಗೆ, ನೀರಿನ ಫಿಲ್ಟರ್ ಕೂರಿಸಲು ಬಂದವನ ಡ್ರಿಲ್ಲಿಂಗ್ ಮೆಷಿನ್ನಿಗೂ ನಮ್ಮ ಮನೆಯಲ್ಲಿ ಕುಂಕುಮವಾಗಿದೆ. "ಒಸ ಅಲಗೆ, ಬೋಳ್ ಬೋಳಾಗ್ ನಿಲ್ಲಿಸ್ಬುಟ್ಟವ್ರಲ್ಲಾ, ಪಾಪ" ಎಂದು ಅಜ್ಜಿ, ದೀಪ ಬೆಳಗಲು ತಂದಿದ್ದ ತಟ್ಟೆಯಿಂದ ಒದ್ದೆ ಕುಂಕುಮ ತೆಗೆದು ಹಲಗೆಯ ಹಣೆಗೆ ಇಟ್ಟಳು. ಹಲಗೆಯ ಹಣೆಯೆಂದರೆ ತಾವು. ಹಿಂದೆಯೇ ಹೂವಿನ ರತ್ನಕ್ಕ ಇಟ್ಟರು. ಆಮೇಲೆ ಉಳಿದ ಮೂವತ್ತೊಂಬತ್ತು ಹೆಂಗಸರೂ ಸಾಲಾಗಿ ಬಂದು, ಒಬ್ಬರ ಬೊಟ್ಟಿನ ಮೇಲೆ ಇನ್ನೊಬ್ಬರದು ಬೀಳದಂತೆ, ಅಚ್ಚುಕಟ್ಟಾಗಿ ಇಟ್ಟರು.

ಅನಂತರ ಸ್ಟಿಕ್ಕರಿಗೆಂದು ಕೈಚಾಚಿದರೆ, ಕಚೇರಿಯ ರಘುನಾಥ್ ಎಂಬ ಯುವಕರು ಹಲಗೆಯತ್ತ ನೋಡಿ "ಅಮ್ಮಾ, ನಿಮ್ದೆಲ್ಲಾ ಆಗೋಗಿದೆ, ಒಬ್ರಿಗ್ ಒಂದೇ ಡಾಟು" ಎಂದುಬಿಟ್ಟರು. ಅಜ್ಜಿ ಹಿಂದಿನವರಿಗೆ "ನಮ್ದೆಲ್ಲಾ ಆಯ್ತಂತೆ, ನಡೀರಿ ಕಾಪಿ ಕುಡ್ಯಾನ" ಎಂದು ಸಂತೋಷದಿಂದ ಹೊರಟಳು. ಉಳಿದ ಗಂಡಸರು ಹನ್ನೊಂದು ಮಂದಿ ಬಗ್ಗಿ ಸಿಗ್ನಲ್ಲಿಗೆ ಅಂಟಿಸಿದರು. ವರದಿ ಬಂದಿದೆ: ತಮಗೆ ನಲವತ್ತೊಂದು, ಸಿಗ್ನಲ್ಲಿಗೆ ಹನ್ನೊಂದು, ತಾವು 'ಸ್ಥಳೀಯ ಮಹಿಳೆಯರ ಒಕ್ಕೊರಲ ಆಯ್ಕೆ'.

ನಾನು ಇದೆಲ್ಲವನ್ನೂ ಕಂಬದ ಹಿಂದಿನಿಂದ ಕಣ್ಣಾರೆ ನೋಡಿದೆ. ಕನ್ನಡ ಎಂ.ಎ. ಮುಗಿಸಿದವಳು, ಮಹಿಳೆಯರ ದನಿ ಎಂಬ ವಿಷಯದ ಮೇಲೆ ಅರವತ್ತು ಪುಟದ ಪ್ರಬಂಧ ಬರೆದವಳು. ಹೇಗೋ ಧೈರ್ಯ ಮಾಡಿ ಕೈಯೆತ್ತಿದೆ, ಮೈಕು ಬಂತು, ಇಡೀ ಸಭೆ ತಿರುಗಿ ನೋಡಿತು, ನಾನು "ಸಾರ್, ಫ್ಯಾನು ಸ್ವಲ್ಪ ಜೋರು ಮಾಡ್ತೀರಾ" ಎಂದು ಹೇಳಿ ಕೂತೆ. ಫ್ಯಾನು ಜೋರಾಯಿತು. ಆ ಸಭೆಯಲ್ಲಿ ತಕ್ಷಣ ಈಡೇರಿದ ಏಕೈಕ ಬೇಡಿಕೆ ಅದು.

ತಮ್ಮ ಯೋಗ್ಯತೆಯ ಬಗ್ಗೆ ನನಗೆ ಲವಲೇಶವೂ ಸಂಶಯವಿಲ್ಲ. ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಕಾಣುವ ಊರಿನಲ್ಲಿ, ನೀರು ಯಾರಿಗೂ ಸಿಗದಂತೆ ಇಷ್ಟು ಎತ್ತರಕ್ಕೆ, ಅದೂ ತಾಳಬದ್ಧವಾಗಿ ಹಾರಿಸಬಲ್ಲವರು ಬೇರೆ ಯಾರಿದ್ದಾರೆ? ತಮ್ಮನ್ನು ಡೈರಿಯ ಪಕ್ಕದಲ್ಲೇ ಕಟ್ಟುವರಂತೆ. ಹಾಗಾಗಿ ತಮ್ಮ ದರ್ಶನಕ್ಕೂ ನಾವು ಅದೇ ರಸ್ತೆ ದಾಟಬೇಕು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಕಟ್ಟುವ ಮೊದಲೇ ರಾಜೀನಾಮೆ ಕೊಟ್ಟು, ಆ ಸ್ಥಾನವನ್ನು ಬಡ ಸಿಗ್ನಲ್ಲಿಗೆ ಬಿಟ್ಟುಕೊಡಬೇಕೆಂದು ಪ್ರಾರ್ಥನೆ. ಅದು ಸಾಧ್ಯವಾಗದಿದ್ದರೆ, ತಮ್ಮ ನೀರು ಕೆಂಪಾದಾಗಲೆಲ್ಲ ಆರೂ ಸಾಲಿನ ವಾಹನಗಳು ಒಂದು ನಿಮಿಷ ನಿಂತು ತಮ್ಮ ಸಂಗೀತವನ್ನು ಕಡ್ಡಾಯವಾಗಿ ಆಲಿಸುವಂತೆ ನಿಯಮ ಮಾಡಿಸಬೇಕು. ವಿಲಂಬಿತ ಲಯವಾದರೆ ಉತ್ತಮ, ಅಜ್ಜಿಯ ಮಂಡಿ ನೋಯುತ್ತದೆ. ಅದೂ ಆಗದಿದ್ದರೆ, ಪ್ರತಿದಿನ ಏಳು ಗಂಟೆಗೆ ರಸ್ತೆಯಾಚೆಯಿಂದ ಈಚೆಗೆ ಬಾಗಿ ಚಿಮ್ಮಿ, ಅಜ್ಜಿಯನ್ನು ಕ್ಯಾನಿನ ಸಮೇತ ಎತ್ತಿ ಡೈರಿಯ ಬಾಗಿಲಲ್ಲಿ ಇಳಿಸುವ ಕೃಪೆ ಮಾಡಬೇಕು. ಕ್ಯಾನಿನ ಮುಚ್ಚಳವನ್ನು ನಾವೇ ಬಿಗಿ ಮಾಡಿ ಕಳಿಸುತ್ತೇವೆ. ಒಂದು ತೊಟ್ಟು ನೀರು ಬೆರೆತರೂ ಡೈರಿಯ ಮುರಿಗೆಪ್ಪನವರು ಕಂಡುಹಿಡಿಯುತ್ತಾರೆ, ಅಜ್ಜಿಯ ಮರ್ಯಾದೆಯ ಪ್ರಶ್ನೆ.

ಇಷ್ಟನ್ನು ಮೈಕಿಲ್ಲದೆ ಹೇಳಲು ಸಾಧ್ಯವಾದುದಕ್ಕೆ ಹಗುರಾಗಿರುವ,
ತಮ್ಮ ವಿಶ್ವಾಸಿ,
ಧನುಶ್ರೀ
(ರಸ್ತೆಯ ಈಚೆ ಬದಿ)

ಮರೆತ ಮಾತು: ತಮ್ಮ ಜಾಗದ ಅಳತೆಗೆ ಮಂಗಳವಾರ ಬಂದಿದ್ದ ಇಂಜಿನಿಯರ್ ಆನಂದಪ್ಪನವರು, ಗ್ರಾಮಸ್ಥರ ಸಹಿ ಬೇಕೆಂದು ಅಜ್ಜಿಯ ಕೈ ಹಿಡಿದು ನಮ್ಮ ಕಡೆಗೆ ದಾಟಿ ಬಂದರು. ಇವತ್ತು ಗುರುವಾರ. ದಿನಕ್ಕೆ ನಾಲ್ಕು ಸಲ ರಸ್ತೆಯ ಅಂಚಿಗೆ ಹೋಗಿ, ಒಂದು ಕಾಲು ಮುಂದಿಟ್ಟು, ಹಿಂದೆ ತೆಗೆದುಕೊಂಡು, ಹೆಂಡತಿಗೆ ಫೋನಿನಲ್ಲಿ "ಬರ್ತೀನ್ ಕಣೇ, ಗಾಡಿ ಸ್ವಲ್ಪ ಕಮ್ಮಿ ಆಗ್ಲಿ" ಎನ್ನುತ್ತಿದ್ದಾರೆ. ಅವರ ಕಚೇರಿಯಿಂದ ಯಾರಾದರೂ ಬಂದು ಕರೆದೊಯ್ಯುವುದಾದರೆ ಸಂತೋಷ. ಆದರೆ ಬರುವವರು ವಾಪಸು ಹೋಗುವುದು ಹೇಗೆಂದು ಯೋಚಿಸಿಕೊಂಡೇ ಬರಲಿ, ನಮ್ಮ ಮನೆಯಲ್ಲಿ ಇನ್ನು ಒಂದೇ ಚಾಪೆ ಉಳಿದಿದೆ.